ಗಿರಣಿ ಶಂಕ್ರಮ್ಮನ ಬೀಗರ ಹಾಡು

ಮದುವೆ ಮನೆಯಲ್ಲಿ ಹೆಂಗಸರ ಪಂಕ್ತಿ ಎದ್ದು, ಬೀಗತಿಯರು ಎಲೆಅಡಿಕೆ ಹಾಕಿಕೊಂಡು ಗೋಡೆಗೆ ಒರಗಿ ಕೂತರೆಂದರೆ ಶಂಕ್ರಮ್ಮತ್ತಿ ಬಲಗಣ್ಣು ಮುಚ್ಚಿಕೊಳ್ಳುತ್ತಿದ್ದಳು. ಎಡಗಣ್ಣೊಂದರಿಂದಲೇ ಕೋಣೆಯನ್ನು ಈ ಮೂಲೆಯಿಂದ ಆ ಮೂಲೆಯವರೆಗೆ ಸಾವಕಾಶವಾಗಿ ನೋಡುವಳು. ಆಮೇಲೆ ಹೇಳುವಳು: "ಹುಡುಗ್ರೆಲ್ಲ ಹೊರಗ ನಡೀರಿ. ಹಂದರದಾಗ ಬೆಂಡು ಬತ್ತಾಸು ಹಂಚಾಕತ್ಯಾರ." ಹಂದರದಲ್ಲಿ ನಿಜಕ್ಕೂ ಹಂಚುತ್ತಿರುತ್ತಿದ್ದರು, ಆ ಏರ್ಪಾಡನ್ನು ಬೆಳಿಗ್ಗೆಯೇ ಅವಳೇ ಮಾಡಿಸಿರುತ್ತಿದ್ದಳು. ಹುಡುಗರು ಒಬ್ಬರನ್ನೊಬ್ಬರು ತಳ್ಳಿಕೊಂಡು ಓಡಿಹೋದ ಮೇಲೆ ಯಾರಾದರೂ ಎದ್ದು ಬಾಗಿಲು ಹಾಕಬೇಕು.

ತೊಡಕು ಇದ್ದದ್ದು ನಡುವಿನ ವಯಸ್ಸಿನವರದು. ಅತ್ತ ಮಕ್ಕಳೂ ಅಲ್ಲ, ಇತ್ತ ಹೆಂಗಸರೂ ಅಲ್ಲ. ಅವರಿಗೆ ಶಂಕ್ರಮ್ಮತ್ತಿ ತನ್ನದೇ ಒಂದು ಪರೀಕ್ಷೆ ಇಟ್ಟಿದ್ದಳು. "ನಮ್ಮ ಬೀಗತಿ ಭಾರಿ ಶಾಣ್ಯಾಕಿ, ಕತ್ತಲಾಗೂ ದಾರಿ ತಪ್ಪಂಗಿಲ್ಲ" ಎಂದು ಒಂದು ಮಾತು ತೇಲಿಬಿಟ್ಟು ಸುಮ್ಮನಾಗುವಳು. ನಕ್ಕವರಿಗೆ ಆಗಲೇ ತಿಳಿದಿದೆ ಎಂದರ್ಥ, ಅವರು ಕೂರಬಹುದು. ನಗದೆ ತಾಯಿಯ ಮುಖ ನೋಡಿದವರು ಏಳಬೇಕು. ನಾನು ಮೊದಲ ಸಲ ಆ ಪರೀಕ್ಷೆಗೆ ಕೂತಾಗ ಸ್ವಲ್ಪ ಅವಸರದಲ್ಲಿಯೇ ನಕ್ಕುಬಿಟ್ಟೆ. "ಏ ಇಜಯಾ, ಬಾಯಿಮ್ಯಾಲ ದಾವಣಿ ಇಟ್ಗಂಡು ನಗು. ನಿಮ್ಮವ್ವ ನೋಡಾಕತ್ಯಾಳ" ಎಂದಳು. ಪಾಸಾದೆನೆಂಬ ಖುಷಿ ಒಂದು ಕಡೆ, ಅವ್ವನ ಕಣ್ಣು ಇನ್ನೊಂದು ಕಡೆ. ಆ ಹೊತ್ತಿನ ನಾಚಿಕೆ ಈಗಲೂ ಕೆನ್ನೆಯಲ್ಲಿದೆ.

ಶಂಕ್ರಮ್ಮ ಆದೋನಿಯಲ್ಲಿ ನಮ್ಮ ಓಣಿಯ ಹಿಟ್ಟಿನ ಗಿರಣಿಯ ಒಡತಿ. ತವರಿನವರು ಹತ್ತಿ ವ್ಯಾಪಾರದ ದೊಡ್ಡ ಕುಳ; ಗಂಡನ ಮನೆಯಲ್ಲಿ ಇದ್ದದ್ದು ಈ ಗಿರಣಿ ಮತ್ತು ಹಾಲಹರವಿ ಕಡೆ ಒಂದಿಷ್ಟು ಎರೆಹೊಲ. ಗಿರಣಿಯ ಸದ್ದಿನಲ್ಲಿ ಗಂಡ ವೀರಭದ್ರಪ್ಪನಿಗೆ ಕಿವಿ ಮಂದವಾಗಿತ್ತು, ಇವಳಿಗೆ ದನಿ ಬೆಳೆದಿತ್ತು. "ನಮ್ಮ ಸಂಸಾರ ಬರೋಬ್ಬರಿ ನಡದೈತಿ. ನಾ ಒದರ್ತೀನಿ, ಆತ ಕೇಳಂಗಿಲ್ಲ" ಎನ್ನುವಳು. ಹಣೆ ತುಂಬ ವಿಭೂತಿ, ಹುಬ್ಬು ರೆಪ್ಪೆಗಳ ಮೇಲೆ ಜೋಳದ ಹಿಟ್ಟು. ಯಾವುದು ಎಲ್ಲಿ ಮುಗಿದು ಯಾವುದು ಎಲ್ಲಿ ಶುರುವಾಗುತ್ತದೆಂದು ಹತ್ತಿರ ಹೋದರೂ ಗೊತ್ತಾಗುತ್ತಿರಲಿಲ್ಲ. ಲಿಂಗಪೂಜೆ ತಪ್ಪಿಸಿದವಳಲ್ಲ, ಸೋಮವಾರ ಊಟ ಮಾಡಿದವಳಲ್ಲ. ಅದೇ ಬಾಯಲ್ಲಿ ಬೀಗರ ಹಾಡು. ಒಮ್ಮೆ ಮಂತ್ರಾಲಯದಿಂದ ಬಂದ ಪರಿಚಯದ ಹಿರಿಯರೊಬ್ಬರು, "ಶಂಕ್ರಮ್ಮ, ಇಂಥ ಮಾತು ಬಾಯಾಗ ಬರಬಾರ್ದು" ಎಂದು ಬುದ್ಧಿ ಹೇಳಿದರು. "ಬಾಯಾಗ ಬಂದದ್ದು ಹೊರಗ ಹೋಗಿಬಿಡ್ತೈತ್ರಿ ಸ್ವಾಮಿ. ಒಳಗ ಇಟ್ಗಂಡೋರೇ ನಿಮ್ಮ ಹೊಳ್ಯಾಗ ಮುಳಗಾಕ ಬರೋದು" ಎಂದಳು. ಹಿರಿಯರು ಚಹಾ ಕುಡಿಯದೆ ಎದ್ದುಹೋದರು.

ಹಾಗೆಂದು ಅವಳೇನೂ ದೇವತೆಯಲ್ಲ. ಶ್ರುತಿ ನಿಲ್ಲುತ್ತಿರಲಿಲ್ಲ. ಬೇರೆ ಯಾರಾದರೂ ಹಾಡು ಎತ್ತಿಕೊಂಡರೆ ಎರಡನೇ ನುಡಿಗೆ ಮೇಲೆ ಬಿದ್ದು ಕಸಿದುಕೊಳ್ಳುವಳು. ಎಮ್ಮಿಗನೂರಿನ ಇನ್ನೊಬ್ಬ ಹಾಡುಗಾರ್ತಿಯನ್ನು ಹೊಗಳಿದವರ ಜೋಳಕ್ಕೆ ಗಿರಣಿಯಲ್ಲಿ ಪಾಳಿ ಬರುವುದು ತಡವಾಗುತ್ತಿತ್ತು. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಬೀಗರ ಹಾಡೆಂದರೆ ಗೊತ್ತಿಲ್ಲದವರಿಗೆ ಒಂದು ಮಾತು. ಹೆಣ್ಣಿನ ಕಡೆಯವರು ಗಂಡಿನ ತಾಯಿಯನ್ನು, ಗಂಡಿನ ಕಡೆಯವರು ಹೆಣ್ಣಿನ ತಾಯಿಯನ್ನು ಹೆಸರು ಹಿಡಿದು, ಊರು ಹಿಡಿದು, ಹಾಡಿನಲ್ಲಿ ಹಿಗ್ಗಾಮುಗ್ಗಾ ಹೀಯಾಳಿಸುವ ಪದ್ಧತಿ ಅದು. ಬೀಗತಿಗೆ ಮಿಂಡರನ್ನು ಕಟ್ಟುತ್ತಾರೆ, ಗೌಡನ ಹೊಲಕ್ಕೆ ಕಳಿಸುತ್ತಾರೆ, ಇನ್ನೂ ಏನೇನೋ ಮಾಡಿಸುತ್ತಾರೆ. ಅದು ಹೊಲಸಲ್ಲವೇ ಎಂದರೆ ಹೊಲಸೇ. ಆದರೆ ಹಾಡಿನಲ್ಲಿ ಹೆಸರು ಬಾರದ ಬೀಗತಿಗೆ ಆಗುವ ಅವಮಾನ ಅದಕ್ಕಿಂತ ದೊಡ್ಡದು. ಹಾಲಹರವಿಯ ಬೀಗತಿಯೊಬ್ಬಳು ತನ್ನನ್ನು ಬಿಟ್ಟು ತನ್ನ ನೆಗೆಣ್ಣಿಯನ್ನು ಮಾತ್ರ ಹಾಡಿದರೆಂದು ಮುನಿಸಿಕೊಂಡು ಎತ್ತಿದ ಬುತ್ತಿಯನ್ನು ಕೆಳಗಿಟ್ಟು ಊರಿಗೆ ಹೊರಟುಬಿಟ್ಟಿದ್ದಳು. ಶಂಕ್ರಮ್ಮತ್ತಿ ಬಸ್ ಸ್ಟ್ಯಾಂಡಿನವರೆಗೆ ಹೋಗಿ, ಬಸ್ಸಿನ ಕಿಟಕಿಯ ಕೆಳಗೆ ನಿಂತು, ಕಿವಿಯಲ್ಲಿ ನಾಲ್ಕು ಸಾಲು ಹಾಡಿ ಸಮಾಧಾನ ಮಾಡಿ ಬಂದಳು.

ಹಾಡು ಮುಗಿದ ಮೇಲೆ ಬಾಗಿಲು ಕೂಡಲೇ ತೆಗೆಯುತ್ತಿರಲಿಲ್ಲ. ನಕ್ಕು ನಕ್ಕು ಸುಸ್ತಾದ ಹೆಂಗಸರು ಮಾತಿಗೆ ತೊಡಗುತ್ತಿದ್ದರು. ಬೇರೆಲ್ಲೂ ಆಡಲಾಗದ ಮಾತು. ಹಾಗೊಂದು ಸಲ, ಮದುವೆಯಾಗಿ ಬಹಳ ವರ್ಷವಾದ ಒಬ್ಬಾಕೆ, ಗಂಡ ಹತ್ತಿರ ಬಂದರೆ ತನಗಾಗುವ ನೋವನ್ನು ಮೊದಲ ಬಾರಿಗೆ ಬಾಯಿಬಿಟ್ಟು ಹೇಳಿದಳು. ಮರುದಿನ ಶಂಕ್ರಮ್ಮತ್ತಿ ಗಿರಣಿಗೆ ಬೀಗ ಹಾಕಿ ಅವಳನ್ನು ಬಳ್ಳಾರಿಯ ಹೆಂಗಸರ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಹಾಡಿಲ್ಲದಿದ್ದರೆ ಆ ಮಾತು ಆ ಹೆಂಗಸಿನ ಜೊತೆಗೇ ಮಣ್ಣಾಗುತ್ತಿತ್ತು.

ಆ ಹಾಡನ್ನು ನಿಲ್ಲಿಸಿದವಳು ನಾನು. ಅದಕ್ಕೂ ಮೊದಲು ಅದನ್ನು ಬೀದಿಗೆ ಬಿಟ್ಟವಳೂ ನಾನೇ. ಎರಡನ್ನೂ ಒಳ್ಳೆಯದಾಗಲೆಂದೇ ಮಾಡಿದೆ.

ನಾನು ಇಲ್ಲಿಯ ಒಂದು ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ ಟೀಚರು. ತೆಲುಗು ಸೀಮೆಯಲ್ಲಿ ಕನ್ನಡ ಕಲಿಸುವವರಿಗೆ ಎಲ್ಲವೂ ಕೈತಪ್ಪಿ ಹೋಗುತ್ತಿದೆ ಎಂಬ ಒಂದು ದಿಗಿಲು ಯಾವಾಗಲೂ ಇರುತ್ತದೆ. ಶಂಕ್ರಮ್ಮತ್ತಿಯ ಹಾಡು ಅವಳ ಜೊತೆಗೇ ಹೋದರೆ ಗತಿಯೇನು ಎಂದು ಫೋನಿನಲ್ಲಿ ಹಿಡಿಯತೊಡಗಿದೆ. ಹಿಡಿದದ್ದನ್ನು ಮಂದಿ ನೋಡಲೆಂದು ಒಂದು ಚಾನೆಲ್ಲು ಮಾಡಿದೆ. ಅವಳಿಗೆ ತೋರಿಸಿದಾಗ ಮೊದಲು ತನ್ನ ಮುಖವನ್ನು ಬಹಳ ಹೊತ್ತು ಮೆಚ್ಚಿಕೊಂಡಳು. ಆಮೇಲೆ ಕೇಳಿದಳು:

"ಇದಕ್ಕ ಬಾಗ್ಲ ಎಲ್ಲೈತಿ?"

"ಐತತ್ತಿ. ಹದಿನೆಂಟು ದಾಟಿದೋರಿಗೆ ಮಾತ್ರ ಅಂತ ಒಂದು ಗುಂಡಿ ಐತಿ. ಒತ್ತಿದ್ರ ಹುಡುಗ್ರಿಗೆ ಕಾಣಂಗಿಲ್ಲ."

"ಹಂಗಾರ ಒತ್ತು. ಒತ್ತಿ ಎಳದು ನೋಡು, ಬಿಗಿ ಕುಂತೈತೋ ಇಲ್ಲೋ."

ಒತ್ತಿದೆ. ಅಲ್ಲಿಂದ ಶುರುವಾಯಿತು ಹೆಂಗಸರ ದೂರು. "ಟೀಚರಮ್ಮ, ನಿನ್ನ ಫೋನು ನನಗ ವಯಸ್ಸು ಸಾಲದು ಅಂತೈತಿ. ಮೊಮ್ಮಗಳು ಮೈನೆರದು ಕುಂತಾಳ, ನನಗ ವಯಸ್ಸು ಸಾಲದಂತ" ಎಂದು ಎದುರು ಮನೆಯ ಮುದುಕಿ ಜಗಳಕ್ಕೇ ಬಂದಳು. ವಿಚಾರಿಸಿದರೆ ಆದದ್ದು ಇಷ್ಟು. ಕೊರೊನಾ ಕಾಲದಲ್ಲಿ ಮಕ್ಕಳ ಆನ್‌ಲೈನ್ ಕ್ಲಾಸಿಗೆಂದು ಮನೆಮನೆಗೂ ಫೋನು ಬಂದಿತ್ತು. ಅದರಲ್ಲಿ ಖಾತೆ ತೆರೆದವರು ಮಕ್ಕಳು, ಹಾಕಿದ್ದು ತಮ್ಮ ಹುಟ್ಟಿದ ದಿನ. ಮಕ್ಕಳು ದೊಡ್ಡ ಫೋನಿಗೆ ಹೋದರು, ಹಳೆಯದು ಅಜ್ಜಿಗೆ ಬಂತು. ಹೀಗಾಗಿ ನಮ್ಮ ಸೀಮೆಯ ಅಜ್ಜಿಯರೆಲ್ಲ ಫೋನಿನ ಲೆಕ್ಕದಲ್ಲಿ ಆರನೇ ಕ್ಲಾಸಿನ ಹುಡುಗಿಯರು. ಅವರ ಮೊಮ್ಮಕ್ಕಳು ಮಾತ್ರ ಅಪ್ಪನ ಫೋನಿನಲ್ಲಿ ಯಾವ ತಡೆಯೂ ಇಲ್ಲದೆ ಏನು ಬೇಕೋ ಅದನ್ನು ನೋಡುತ್ತಿದ್ದರು.

ವಯಸ್ಸು ಸರಿಪಡಿಸಬೇಕೆಂದರೆ ಆಧಾರ್ ಕಾರ್ಡು ತೋರಿಸಬೇಕು. ಕಾರ್ಡು ಮಗನ ಹತ್ತಿರ ಇರುತ್ತದೆ. "ಮಗನ ಮುಂದ ನಿಂತು, ಬೀಗರ ಹಾಡು ನೋಡಬೇಕು, ಕಾರ್ಡು ಕೊಡಪಾ ಅಂತ ಹ್ಯಾಂಗ ಕೇಳಲಿ?" ಎಂದಳು ಒಬ್ಬಾಕೆ. ಕೇಳಲಾಗದ್ದು ಸರಿಯೇ. ಯಾರಿಗೆಂದು ಹಾಡು ಹಾಕಿದ್ದೆನೋ ಅವರಿಗೇ ಅದು ಸಿಗುತ್ತಿರಲಿಲ್ಲ. ನಾನು ಒಂದೆರಡು ದಿನ ಯೋಚಿಸಿ, ಗುಂಡಿಯನ್ನು ಮತ್ತೆ ಒತ್ತಿ ತಡೆ ತೆಗೆದುಬಿಟ್ಟೆ.

ಅದಾದ ಮೇಲೆ ಹೆಂಗಸರು ಎಲ್ಲೆಲ್ಲಿಂದಲೋ ನೋಡತೊಡಗಿದರು. ಕರಾವಳಿಯ ತೆಲುಗು ಊರಿಗೆ ಮದುವೆಯಾಗಿ ಹೋಗಿ, ಕನ್ನಡವೇ ಕಿವಿಗೆ ಬೀಳದ ಒಬ್ಬಾಕೆ, ಅಡುಗೆಮನೆಯಲ್ಲಿ ಒಬ್ಬಳೇ ನಕ್ಕು ನಕ್ಕು ಕೊನೆಗೆ ಅತ್ತೆನೆಂದು ದನಿ ಕಳಿಸಿದ್ದಳು. ಅದನ್ನು ಶಂಕ್ರಮ್ಮತ್ತಿಗೆ ಕೇಳಿಸಿದೆ. ಮೂರು ಸಲ ಹಾಕಿಸಿಕೊಂಡಳು. ಆಮೇಲೆ, "ಬಾಗ್ಲ ಹಾಕೀಯಿಲ್ಲೋ?" ಎಂದಳು.

"ಹಾಕೀನತ್ತಿ" ಎಂದೆ.

ಯಾಕೆ ಹಾಗೆಂದೆ? ಖರೇ ಹೇಳಿದರೆ ಹಾಡುವುದನ್ನು ನಿಲ್ಲಿಸುತ್ತಾಳೆಂಬ ಭಯ. ಪ್ರತಿ ಮದುವೆಯಲ್ಲೂ ಹಾಡಿಗೆ ಮುಂಚೆ ನನ್ನ ಕಡೆ ತಿರುಗಿ ಅದೇ ಪ್ರಶ್ನೆ ಕೇಳುತ್ತಿದ್ದಳು. ನಾನು ಅದೇ ಉತ್ತರ ಹೇಳುತ್ತಿದ್ದೆ. ಆಡುತ್ತಾ ಆಡುತ್ತಾ ಸುಳ್ಳು ನಾಲಿಗೆಗೆ ಒಗ್ಗಿಹೋಯಿತು.

ಆಮೇಲೆ ಬಂದದ್ದು ನಮ್ಮ ಓಣಿಯ ಹುಡುಗಿಯ ಮದುವೆ. ಗಂಡಿನ ಕಡೆಯವರು ಗೋನೆಗಂಡ್ಲದವರು, ಬೀಗತಿಯ ಹೆಸರು ಗಂಗಮ್ಮ. ದಪ್ಪನೆಯ, ನಗುಮುಖದ ಹೆಂಗಸು. ಶಂಕ್ರಮ್ಮತ್ತಿ ಎತ್ತಿಕೊಂಡಳು:

ಗೋನೆಗಂಡ್ಲದ ಗಂಗಮ್ಮ ಬೀಗತಿ ಗೋಧಿ ಬೀಸಾಕ ಕುಂತಾಳ
ಗೋಧಿ ಬೀಸಾಕಂತ ಕುಂತಾಕಿ ಸೆರಗ ಗೌಡನ ಕೈಯಾಗ ಕೊಟ್ಟಾಳ

ಮುಂದಿನ ಎರಡು ಸಾಲನ್ನು ನಾನಿಲ್ಲಿ ಬರೆಯುವುದಿಲ್ಲ. ಗಂಗಮ್ಮ ನಕ್ಕು ನಕ್ಕು ಪಕ್ಕದವಳ ತೊಡೆಯ ಮೇಲೆ ಉರುಳಿದಳು. ಕಣ್ಣೊರೆಸಿಕೊಂಡು, "ತಡಿ, ನಿನಗ ಮುಯ್ಯಿ ತೀರಸ್ತೀನಿ. ನಮ್ಮೂರಾಗ ಸೀಮಂತ ಮಾಡ್ತೀವಲ್ಲ, ಬಾ ಅಲ್ಲಿಗೆ" ಎಂದಳು. ಅಂಥ ಹಾಡು ಶಂಕ್ರಮ್ಮತ್ತಿ ಹಿಂದೆಂದೂ ಹಾಡಿರಲಿಲ್ಲ. ಸಂಜೆಯೇ ಚಾನೆಲ್ಲಿಗೆ ಹಾಕಿದೆ.

ನಮ್ಮ ಕಡೆ ಮೊದಲ ಮೊಮ್ಮಗಳಿಗೆ ಅಪ್ಪನ ತಾಯಿಯ ಹೆಸರಿಡುವುದು ರೂಢಿ. ನಾನು ಇಲ್ಲಿಯವಳೇ, ನನಗೆ ಇದು ಹೊಳೆಯಬೇಕಿತ್ತು. ಗೋನೆಗಂಡ್ಲದ ಗಂಗಮ್ಮನ ಹಿರಿಯ ಮಗ ಆದೋನಿಯಲ್ಲಿಯೇ ಬಸ್ ಡಿಪೋದಲ್ಲಿ ಕೆಲಸ ಮಾಡುತ್ತಿದ್ದ. ಅವನ ಮಗಳು ನಮ್ಮ ಶಾಲೆಯಲ್ಲಿ, ಎಂಟನೇ ಕ್ಲಾಸಿನಲ್ಲಿ, ನಾನು ಹಾಜರಿ ಕೂಗುವ ಕ್ಲಾಸಿನಲ್ಲಿಯೇ ಓದುತ್ತಿದ್ದಳು. ಅವಳ ಹೆಸರೂ ಗಂಗಮ್ಮ. ಸೊಸೆ ಅತ್ತೆಯ ಹೆಸರೆತ್ತಬಾರದೆಂದು ಮನೆಯಲ್ಲಿ ಅವಳನ್ನು ಚಿನ್ನಿ ಎನ್ನುತ್ತಿದ್ದರು. ಆ ಹೆಸರು ಹಿಡಿದು ಯಾರೂ ಅವಳನ್ನು ಗದರಿಸಿಯೂ ಇರಲಿಲ್ಲ, ಹಿರಿಯರ ಹೆಸರೆಂದು.

ಹುಡುಗರಿಗೆ ಹಾಡು ಸಿಕ್ಕಿತು. ನಾಲ್ಕೂ ಸಾಲು ಬಾಯಿಪಾಠ ಮಾಡಿದರು. ನಾನು ಕಲಿಸಿದ ಪದ್ಯ ಒಂದು ತಿಂಗಳಾದರೂ ಬಾರದವರಿಗೆ ಇದು ಒಂದೇ ದಿನಕ್ಕೆ ಬಂದಿತ್ತು. ಅವಳು ನೀರು ಕುಡಿಯಲು ಎದ್ದರೆ ಮೊದಲನೇ ಸಾಲು, ನಳದ ಹತ್ತಿರ ಬಗ್ಗಿದರೆ ಮೂರನೆಯದು. ಹುಡುಗಿ ಹಿಂದಿನ ಬೆಂಚಿಗೆ ಹೋದಳು. ಆಮೇಲೆ ನೀರು ಕುಡಿಯುವುದನ್ನು ಬಿಟ್ಟಳು. ಆಮೇಲೆ ಶಾಲೆಗೆ ಬರುವುದನ್ನೇ ಬಿಟ್ಟಳು.

ಅವಳ ತಾಯಿ ಬಂದು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಳು. "ಟೀಚರ್, ಆ ಹೆಸರು ಬದಲಿ ಮಾಡ್ರಿ" ಎಂದಳು. ಯಾವ ಹೆಸರೆಂದು ಕೇಳಿದೆ. ಅವಳು ಹೇಳುವ ಹಾಗಿರಲಿಲ್ಲ. "ಅದರಿ, ನಮ್ಮತ್ತಿದು. ಬ್ಯಾರೆ ಯಾವದಾರ ಇಡ್ರಿ. ಹುಡುಗಿ ರಾತ್ರಿಯೆಲ್ಲ ಕನವರಿಸ್ತಾಳ. ನಮ್ಮತ್ತಿಗೆ ಹ್ಯಾಂಗ ಹೇಳ್ಲಿ ಗೊತ್ತಾಗವಲ್ದು. ನನ್ನ ಹೆಸರು ಬ್ಯಾಡಾತೇನು ಅಂತ ಕೇಳಿದ್ರ ಏನು ಹೇಳ್ಲಿ?" ಆ ತಾಯಿಗೆ ಚಾನೆಲ್ಲು ಯಾರದೆಂದು ಗೊತ್ತಿರಲಿಲ್ಲ. ನಾನು ಅವಳಿಗೆ ಕುರ್ಚಿ ಕೊಟ್ಟೆ, ನೀರು ಕೊಟ್ಟೆ. ಬೇರೇನೂ ಕೊಡಲಿಲ್ಲ.

ಹೆಡ್‌ಮಾಸ್ತರರು ಮಕ್ಕಳ ರಕ್ಷಣಾ ಸಮಿತಿಯನ್ನು ಕರೆದರು. ಸಮಿತಿಯಲ್ಲಿ ನಾನೂ ಇದ್ದೆ, ಚಾನೆಲ್ಲು ನನ್ನದೆಂದು ಅಲ್ಲಿಯೂ ಯಾರಿಗೂ ಗೊತ್ತಿರಲಿಲ್ಲ. ಹದಿನಾರರ ಒಳಗಿನವರಿಗೆ ಇಂಥವೆಲ್ಲ ಸಿಗದಂತೆ ಕಾನೂನು ಬರಬೇಕೆಂಬ ಚರ್ಚೆ ಆಗ ಪೇಪರಿನಲ್ಲಿ ದಿನವೂ ಇರುತ್ತಿತ್ತು, ಅದನ್ನು ಓದಿ ಹೇಳಿದರು. ಪಿ.ಟಿ. ಮೇಷ್ಟ್ರು, "ಸಾರ್, ವಾರ್ಷಿಕೋತ್ಸವಕ್ಕ ನಮ್ಮ ಹುಡುಗ್ರು ಕುಣಿಯೋ ಸಿನಿಮಾ ಹಾಡೇನು ಕಡಿಮಿ ಅದಾವೇನ್ರಿ?" ಎಂದರು. "ಅವಕ್ಕ ಸರ್ಟಿಫಿಕೇಟು ಐತಪ್ಪ" ಎಂದರು ಹೆಡ್‌ಮಾಸ್ತರರು. ಆಮೇಲೆ ಅವರಿಗೆ ಮನಸ್ಸು ತುಂಬಿ ಬಂದಾಗ ಬರುವ ತೆಲುಗಿನಲ್ಲಿ, "ಆಮೆ ಪಾಡಿತೇ ಪಾಡನೀ. ಪಿಲ್ಲಲ ಚೆವಿಲೋ ಎಂದುಕು ಪಡಾಲಿ?" ಎಂದರು. ಆಕೆ ಹಾಡಿಕೊಳ್ಳಲಿ, ಮಕ್ಕಳ ಕಿವಿಗೆ ಯಾಕೆ ಬೀಳಬೇಕು? ಮಾತಿನಲ್ಲಿ ತಪ್ಪೇನಿರಲಿಲ್ಲ. ಶಂಕ್ರಮ್ಮತ್ತಿ ಕೂಡ ಅದನ್ನೇ ಹೇಳುತ್ತಿದ್ದಳು. ಚಾನೆಲ್ಲನ್ನು ಮುಚ್ಚಿಸಲು ದೂರು ಕೊಡುವುದೆಂದು ತೀರ್ಮಾನವಾಯಿತು. ಒಪ್ಪಿಗೆ ಇದ್ದವರು ಕೈ ಎತ್ತಿ ಎಂದರು. ಎತ್ತಿದೆ.

ದೂರು ಹೋಗುವ ಮೊದಲೇ, ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡದೆ ಎಲ್ಲವನ್ನೂ ಅಳಿಸಿಹಾಕಿದೆ. ಫೋನಿನಲ್ಲಿದ್ದದ್ದನ್ನೂ ಬಿಡಲಿಲ್ಲ. ಆ ಒಂದು ಹಾಡು ತೆಗೆದಿದ್ದರೆ ಸಾಕಿತ್ತು. ಭಯ ಬಿದ್ದವರಿಗೆ ಒಂದನ್ನು ಮಾತ್ರ ಆರಿಸಿ ತೆಗೆಯುವ ತಾಳ್ಮೆ ಇರುವುದಿಲ್ಲ. ತೊಟ್ಟಿಲ ಪದ, ಸೋಬಾನೆ, ಬೀಸುವ ಪದ, ಕರಾವಳಿಯ ಆ ಹೆಂಗಸಿನ ದನಿ, ಎಲ್ಲವೂ ಹೋದವು.

ಓಣಿಯಲ್ಲಿ ಸುದ್ದಿ ನಿಲ್ಲುತ್ತದೆಯೇ? ಶಂಕ್ರಮ್ಮನ ಹಾಡಿನಿಂದ ಒಂದು ಹುಡುಗಿ ಶಾಲೆ ಬಿಟ್ಟಳೆಂಬ ಮಾತು ಜೋಳದ ಬುಟ್ಟಿಯ ಜೊತೆಗೆ ಗಿರಣಿಗೂ ಹೋಯಿತು. ಮರುದಿನ ಮಧ್ಯಾಹ್ನ ಊಟದ ಬೆಲ್ಲು ಹೊಡೆದಿತ್ತು. ಅವಳು ಮೈಮೇಲಿನ ಹಿಟ್ಟನ್ನೂ ಕೊಡವಿಕೊಳ್ಳದೆ ನಮ್ಮ ಶಾಲೆಯ ಅಂಗಳಕ್ಕೆ ಬಂದು ನಿಂತಳು. ಎಂಟನೇ ಕ್ಲಾಸಿನ ಹುಡುಗರು ಯಾರೆಂದು ಕೇಳಿದಳು. ತಟ್ಟೆ ಹಿಡಿದುಕೊಂಡೇ ಹುಡುಗರು ಸುತ್ತ ನೆರೆದರು.

"ಗಂಗಮ್ಮನ ಹಾಡು ಹಾಡೋರು ಯಾರಪಾ?"

ಹುಡುಗರು ಒಬ್ಬರ ಬೆನ್ನ ಹಿಂದೆ ಒಬ್ಬರು ಸರಿದರು.

"ಅಂಜಬ್ಯಾಡ್ರಿ. ನಿಮಗ ಹಾಡು ಬರೋಬ್ಬರಿ ಬಂದಿಲ್ಲ, ಹೆಸರು ತಪ್ಪು ಹಾಕೀರಿ. ಅದು ಗಂಗಮ್ಮನ ಹಾಡಲ್ಲ, ನಂದು. ಹಾಡೋದಾದ್ರ ಬರೋಬ್ಬರಿ ಹಾಡ್ರಿ, ಕೇಳ್ರಿ." ಎಂದವಳೇ ದನಿ ಎತ್ತಿದಳು:

ಆದೋನಿ ಊರಾಗ ಶಂಕ್ರಮ್ಮ ಬೀಗತಿ ಗೋಧಿ ಬೀಸಾಕ ಕುಂತಾಳ

ಹುಡುಗರು ಬಾಯಿ ತೆರೆದುಕೊಂಡು ನೋಡುತ್ತಿದ್ದರು. ಒಬ್ಬರೂ ನಗಲಿಲ್ಲ. ಹೆಡ್‌ಮಾಸ್ತರರು ವರಾಂಡಕ್ಕೆ ಓಡಿಬಂದು, "ಟೀಚರ್, ಮೊದಲು ಆಕೀನ್ನ ಹೊರಗ ಕಳಸ್ರಿ" ಎಂದರು. ಗೇಟಿನ ಹತ್ತಿರ ಯಾರೋ ಫೋನು ಎತ್ತಿ ಹಿಡಿದಿದ್ದು ಕಾಣಿಸಿತು. ಇನ್ನು ಎರಡನೇ ಸಾಲು, ಆಮೇಲೆ ಮೂರನೆಯದು, ಶಾಲೆಯ ಅಂಗಳದಲ್ಲಿ, ಮಕ್ಕಳ ನಡುವೆ. ಹೋಗಿ ಅವಳ ಮೊಣಕೈ ಹಿಡಿದೆ.

"ಅತ್ತಿ, ಇಲ್ಲಿ ಹಾಡಬಾರ್ದು. ಮಕ್ಕಳದಾರ."

ಅವಳು ನನ್ನನ್ನು ನೋಡಿದಳು. ಮಕ್ಕಳಿದ್ದಾರೆಂದು ಅವಳಿಗೆ ನಾನು ಹೇಳಿದ್ದೆ. ಜೀವಮಾನದಲ್ಲಿ ಅವಳಿಗೆ ಆ ಮಾತನ್ನು ಯಾರೂ ಹೇಳಿರಲಿಲ್ಲ, ಹೇಳುವ ಅಗತ್ಯ ಬಿದ್ದಿರಲಿಲ್ಲ. ಎಳೆಯಬೇಕಾಗಲಿಲ್ಲ, ತಾನೇ ನಡೆದು ಬಂದಳು. ಗೇಟು ದಾಟುವಾಗ ಮೆಲ್ಲಗೆ, "ಎರಡನೇ ಸಾಲಿಗೆ ನಿಲ್ಲಸ್ತಿದ್ದೆ, ಇಜಯಾ" ಎಂದಳು.

ಅವಳು ಅರ್ಧಕ್ಕೆ ನಿಲ್ಲಿಸಿದ ಮದ್ದು ಅರ್ಧ ಕೆಲಸ ಮಾಡಿತು. ಹುಡುಗರು ಕೆಲವು ದಿನ ಗಿರಣಿಯ ಮುಂದೆ ನಿಂತು ಶಂಕ್ರಮ್ಮನ ಹೆಸರು ಹಾಕಿ ಕೂಗಿದರು. ಅವಳು ಒಳಗಿನಿಂದ ಕೇಳಿಸಿಕೊಂಡು ಸುಮ್ಮನಿದ್ದಳು. ಹಾಡಿಸಿಕೊಂಡವರು ಅಳದಿದ್ದರೆ ಹಾಡುವವರಿಗೆ ರುಚಿ ಇರುವುದಿಲ್ಲ. ಹುಡುಗರು ಬೇರೆ ಆಟಕ್ಕೆ ಹೋದರು. ಹುಡುಗಿ ಶಾಲೆಗೆ ಬಂದಳು. ಹೆಸರು ಬದಲಾಗಲಿಲ್ಲ. ಆದರೆ ಹಾಜರಿ ಕೂಗಿದಾಗ ಎಲ್ಲರೂ "ಹಾಜರ್ ಟೀಚರ್" ಎಂದರೆ ಅವಳು ಕೈ ಮಾತ್ರ ಎತ್ತುತ್ತಾಳೆ. ಆ ಹೆಸರಿಗೆ ಓಗೊಡುವುದಿಲ್ಲ. ನಾನೂ ಈಗ ಅವಳ ಹೆಸರನ್ನು ಅವಸರದಲ್ಲಿ ಕೂಗಿ ಮುಂದಿನದಕ್ಕೆ ಹೋಗುತ್ತೇನೆ.

ನನಗೆ ಗಿರಣಿಗೆ ಹೋಗುವ ಧೈರ್ಯ ಬರಲು ಸಮಯ ಹಿಡಿಯಿತು. ಹೋದ ದಿನ ಕರೆಂಟು ಇರಲಿಲ್ಲ, ಗಿರಣಿ ನಿಂತಿತ್ತು. ಶಂಕ್ರಮ್ಮತ್ತಿ ಚೀಲದ ಮೇಲೆ ಕೂತು ಗಂಡ ತಂದಿಟ್ಟ ಒಗ್ಗಾಣಿ ತಿನ್ನುತ್ತಿದ್ದಳು. ನನ್ನನ್ನು ಕಂಡವಳೇ, "ಹುಡುಗಿ ಬರಾಕತ್ಯಾಳೇನು?" ಎಂದಳು. ಬರುತ್ತಿದ್ದಾಳೆಂದೆ. "ನೀರು ಕುಡೀತಾಳೇನು?" ಎಂದಳು. ಅದು ಅವಳಿಗೆ ಯಾರು ಹೇಳಿದ್ದರೋ. ಕುಡಿಯುತ್ತಾಳೆಂದೆ. ಆಮೇಲೆ ಎಲ್ಲ ಹೇಳಿದೆ. ಗುಂಡಿ ಒತ್ತಿದ್ದು, ಹೆಂಗಸರು ದೂರಿದ್ದು, ಮತ್ತೆ ತೆಗೆದದ್ದು, ಪ್ರತಿ ಸಲ ಹಾಕೀನಿ ಎಂದದ್ದು, ಸಮಿತಿಯಲ್ಲಿ ಕೈ ಎತ್ತಿದ್ದು. ಹೇಳುತ್ತಾ ಅತ್ತುಬಿಟ್ಟೆ. ಅವಳು ತಿನ್ನುವುದನ್ನು ನಿಲ್ಲಿಸಿ ಕೇಳಿದಳು.

"ಬಾಗ್ಲ ತೆಗದಿದ್ದಕ್ಕ ನನಗ ಸಿಟ್ಟಿಲ್ಲವ್ವ" ಎಂದಳು ಕೊನೆಗೆ. "ಆ ಹೆಂಗಸ್ರಿಗೂ ಕೇಳಬೇಕಿತ್ತು. ಮಗನ್ನ ಕೇಳಿ ನಗೋದೇನು? ತೆಗದಿದ್ದು ಛಲೋ ಮಾಡಿದಿ. ಆದ್ರ ತೆಗದೀನಿ ಅಂತ ನನಗ ಹೇಳಬೇಕಿತ್ತು. ನಾನು ಮಂದಿ ಮಾರಿ ನೋಡಿ ಹಾಡಾಕಿ. ಸಂತ್ಯಾಗ ಹಾಡೋದಾದ್ರ ಸಂತಿ ಹಾಡು ಹಾಡ್ತಿದ್ದೆ, ಹೆಸರು ಹಾಕ್ತಿದ್ದಿಲ್ಲ. ನೀ ನನ್ನ ಕಣ್ಣು ಕಟ್ಟಿ ಹಾಡಿಸಿದಿ. ಆ ಹುಡುಗಿ ಕಣ್ಣಾಗ ನೀರು ಬಂದದ್ದು ನನ್ನ ಬಾಯಿಲಿಂದ."

"ಇಲ್ಲತ್ತಿ, ನನ್ನಿಂದ."

"ಹಾಡು ನಿಂದಲ್ಲಲ" ಎಂದಳು. ಅಷ್ಟರಲ್ಲಿ ಕರೆಂಟು ಬಂತು. ಎದ್ದು ಹೋಗಿ ಪಟ್ಟೆ ಹಾಕಿ ಗಿರಣಿ ಶುರುಮಾಡಿದಳು. ನಾನು ಇನ್ನೂ ಏನೋ ಹೇಳಿದೆ. ಅದು ನನಗೇ ಕೇಳಿಸಲಿಲ್ಲ.

ಅದೇ ಕೊನೆಯ ಭೇಟಿ ಎನ್ನಬೇಕು. ಆಮೇಲೆ ಓಣಿಯಲ್ಲಿ ಎದುರಾದಾಗ ಉಂಡೆಯಾ, ಬಂದೆಯಾ ಎಂಬ ಮಾತಿತ್ತು, ಅಷ್ಟೇ. ಮದುವೆಗಳಿಗೆ ಬರುತ್ತಿದ್ದಳು. ಹಾಡು ಎಂದು ಜುಲುಮೆ ಮಾಡಿದರೆ, "ಗಂಟಲಾಗ ಹಿಟ್ಟು ಕುಂತೈತಿ" ಎನ್ನುವಳು. ಎಮ್ಮಿಗನೂರಿನವಳು ಬಂದು ಹಾಡಿದರೂ ಕಸಿದುಕೊಳ್ಳಲಿಲ್ಲ. ಹಾಗೆ ಸುಮ್ಮನೆ ಕೂತ ಶಂಕ್ರಮ್ಮತ್ತಿಯನ್ನು ನೋಡಲಾಗದೆ ನಾನು ಎಲೆ ಹಾಕುವ ನೆವ ಮಾಡಿ ಹೊರಗೆ ಹೋಗುತ್ತಿದ್ದೆ. ಯಾವ ಕಾನೂನೂ ಅವಳ ಬಾಯಿ ಮುಚ್ಚಿಸಲಿಲ್ಲ, ಯಾರೂ ನೋಟೀಸು ಕೊಡಲಿಲ್ಲ. ಶಿವರಾತ್ರಿಯ ಮುಂದೆ ಜ್ವರ ಬಂತು. ಮೂರು ದಿನಕ್ಕೆ ಹೋಗಿಬಿಟ್ಟಳು. ವೀರಭದ್ರಪ್ಪ ಬಾಗಿಲಲ್ಲಿ ಕೂತು ಬಂದವರನ್ನೆಲ್ಲ, "ಆಕಿ ಏನಾರ ಅಂದ್ಲೇನು? ನನಗ ಕೇಳ್ಸಲಿಲ್ಲ" ಎಂದು ಕೇಳುತ್ತಿದ್ದ.

ಈಚೆಗೆ ಗೋನೆಗಂಡ್ಲದ ಗಂಗಮ್ಮ ಕಣ್ಣಿನ ಪೊರೆ ತೆಗೆಸಿಕೊಂಡು ಆದೋನಿಯ ಮಗನ ಮನೆಯಲ್ಲಿದ್ದಾಳೆಂದು ತಿಳಿದು ಮಾತಾಡಿಸಲು ಹೋಗಿದ್ದೆ. ಕಪ್ಪು ಕನ್ನಡಕ ಹಾಕಿಕೊಂಡು ಪಡಸಾಲೆಯಲ್ಲಿ ಕೂತಿದ್ದಳು. ಹುಡುಗಿ ಒಳಕೋಣೆಯಲ್ಲಿ ಗಟ್ಟಿಯಾಗಿ ಸಮಾಜದ ಪಾಠ ಓದುತ್ತಿದ್ದಳು.

"ಶಂಕ್ರಮ್ಮಗ ಮುಯ್ಯಿ ಹಾಡೋದು ಉಳದ್ಹೋತು" ಎಂದಳು ಗಂಗಮ್ಮ. "ಸೀಮಂತಕ್ಕ ಕಾದು ಕುಂತಿದ್ದೆ, ಬರಲೇ ಇಲ್ಲ ಆಕಿ. ನಿನ್ನ ಫೋನಿನಾಗ ನನ್ನ ಹಾಡು ಐತಂತಲ್ಲ, ಒಂದೀಟು ಕೇಳಸು. ನನ್ನ ಹೆಸರು ಹಾಡಿನಾಗ ಹಾಕಿದಾಕಿ ಆಕಿ ಒಬ್ಬಾಕಿನ."

"ಇಲ್ಲಜ್ಜಿ, ಅಳಿಸಿಹೋತು" ಎಂದೆ. ಅದು ನಿಜವಾಗಿತ್ತು.

"ಅಯ್ಯ" ಎಂದಳು. ಆಮೇಲೆ ತಾನೇ ಸಣ್ಣ ದನಿಯಲ್ಲಿ, ತೊಡೆಯ ಮೇಲೆ ಬೆರಳಾಡಿಸುತ್ತಾ ಎತ್ತಿಕೊಂಡಳು. ಗೋನೆಗಂಡ್ಲದ ಗಂಗಮ್ಮ ಬೀಗತಿ. ಮೊದಲನೆಯ ಸಾಲು ಬಂತು, ಎರಡನೆಯದೂ ಬಂತು. ಅಲ್ಲಿಗೆ ತಡವರಿಸಿದಳು. ನಗು ಮಾತ್ರ ಮುಖದ ಮೇಲೆ ಮುಂದಕ್ಕೆ ಹೋಗಿತ್ತು. ಒಳಗಿನ ಓದು ನಿಂತಿತ್ತು.

"ಮುಂದಿಂದೇನು, ಟೀಚರಮ್ಮ?"

ನನಗೆ ಬರುತ್ತಿತ್ತು. ಈಗಲೂ ಬರುತ್ತದೆ, ಒಂದಕ್ಷರ ಬಿಡದೆ. ಒಳಕೋಣೆಯ ಪರದೆಯ ಕೆಳಗೆ ಹುಡುಗಿಯ ಎರಡು ಪಾದ ಕಾಣುತ್ತಿದ್ದವು.

"ನೆನಪಿಲ್ಲಜ್ಜಿ" ಎಂದೆ.

"ಹಂಗಾರ ಆತು" ಎಂದಳು ಗಂಗಮ್ಮ. "ಇನ್ನ ಯಾರಿಗೂ ಬರಂಗಿಲ್ಲ."

ಒಳಗೆ ಹುಡುಗಿ ಮತ್ತೆ ಓದತೊಡಗಿದಳು.